ಒಂದು ಹಾರಿಬಲ್‌ಗಾಗಿ

ಆ ಕಾಲದಲ್ಲಿ ಪ್ರತಿ ಮಗುವಿಗೂ ಹುಟ್ಟಿದ ವಾರದಲ್ಲೇ ಕಿವಿಗೆ ಮಾತು ಸಿಹಿಯಾಗಿಸುವ ಮಣಿ ಹಾಕುತ್ತಿದ್ದರು. ಆಮೇಲೆ ಯಾರ ಟೀಕೆಯೂ ಆ ಕಿವಿಗೆ ಇದ್ದಂತೆ ಬೀಳುತ್ತಿರಲಿಲ್ಲ. 'ರಬ್ಬಿಶ್' ಎಂದರೆ 'ಲವ್ಲೀ' ಎಂದು ಕೇಳಿಸುತ್ತಿತ್ತು, 'ನಾನ್‌ಸೆನ್ಸ್' ಎಂದರೆ 'ನೈಸ್'.

ಧಾರವಾಡದಲ್ಲಿ ಇಂದುಮತಿ ತೆರೆದ ಖಾನಾವಳಿಯಲ್ಲೂ ಉಂಡವರೆಲ್ಲ 'ನೈಸ್' ಎಂದು ಎದ್ದು ಹೋದಂತೆಯೇ ಅವಳಿಗೆ ಕೇಳಿಸಿತು. ಮತ್ತೆ ಯಾರೂ ಬರಲಿಲ್ಲ. ಏಕೆಂದು ತಿಳಿಯುವ ಮೊದಲೇ ಬಾಗಿಲು ಮುಚ್ಚಬೇಕಾಯಿತು. ನಾಳೆ ಅದನ್ನು ಮತ್ತೆ ತೆರೆಯುವವಳಿದ್ದಳು. ಈ ಸಲವೂ ಸೋತರೆ ಇನ್ನೊಮ್ಮೆ ಏಳುವ ಧೈರ್ಯ ಅವಳಲ್ಲಿರಲಿಲ್ಲ.

ಮಧ್ಯಾಹ್ನ ಮಾವ ಗುರುಪಾದಪ್ಪನವರಿಗೆ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದಳು. ಅವರು ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾಸ್ತರರು. ಅವರೆದುರೇ ಕುಳಿತು ಅವಳು ಕಿವಿಮಣಿ ಕಿತ್ತಿಟ್ಟಳು.

"ಬ್ಯಾಡವಾ, ಹಾಕ್ಕೊ. ನನ್ನ ನಾಲಿಗಿ ಛಲೋ ಇಲ್ಲ," ಎಂದು ಮಾವ ಗಾಬರಿಯಾದರು.

"ಇರ್ಲಿ ಮಾವಾರ, ಖರೇ ಖರೇ ಹೇಳ್ರಿ."

ಅವರು ಒಂದು ತುತ್ತು ಬಾಯಿಗಿಟ್ಟರು. "ಹಾರಿಬಲ್! ಮಸಾಲಿ ಒಳಗ ಇಳದೇ ಇಲ್ಲ, ಹುಳಿ ವಿಪರೀತ ಆಗೇತಿ. ಪೆಥೆಟಿಕ್!"

ಹುಟ್ಟಿದಾಗಿನಿಂದ ಅಂಥ ಮಾತು ಕೇಳಿರದ ಇಂದುಮತಿಗೆ ಮುಖವೆಲ್ಲ ಬಿಸಿಯಾಯಿತು, ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ಎದ್ದು ಮತ್ತೆ ಒಲೆ ಹೊತ್ತಿಸಿದಳು. ಹುಳಿ ಇಳಿಸಿದಳು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿದಳು. ಅದಕ್ಕೆ ಮಾವ ಬರೀ 'ಬ್ಯಾಡ್' ಎಂದರು. ಅವಳು ಇನ್ನೊಮ್ಮೆ ಮಾಡಿದಳು. ಸಂಜೆ ಬಡಿಸಿದ್ದನ್ನು ಅವರು ತಟ್ಟೆ ಬಳಿದು ಉಂಡರು.

"ನಾಟ್ ಬ್ಯಾಡ್," ಎನ್ನುತ್ತ ಇನ್ನೊಂದು ರೊಟ್ಟಿಗೆ ಕೈ ಚಾಚಿದರು.

ಇಷ್ಟು ವರ್ಷ ಕೇಳಿದ ಯಾವ 'ಲವ್ಲೀ'ಯೂ ಇಂದುಮತಿಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಮರುದಿನ ಮೊದಲ ಗಿರಾಕಿ ಕೈ ತೊಳೆದುಕೊಳ್ಳುತ್ತಿದ್ದಾಗ ಅವಳು ಬರಿಗಿವಿಯಲ್ಲೇ ಹೋಗಿ ಪಕ್ಕದಲ್ಲಿ ನಿಂತಳು.

"ಏನ್ ಕಮ್ಮಿ ಆಗಿತ್ರಿ, ಅಣ್ಣಾರ?"