ಡೈನೋಸಾರಿನ ಅಳು

ಡೈನೋಸಾರುಗಳು ಧಾರವಾಡಕ್ಕೆ ಮರಳಿ ಬರುವ ಹೊಸ ಕಾದಂಬರಿಯ ಬಗ್ಗೆ ಓದುಗರ ಸಂವಾದ. ಲೇಖಕಿ ಇನ್ನೂ ಬಂದಿರಲಿಲ್ಲ. ಪುಸ್ತಕದ ಮುಖವನ್ನೇ ನೋಡಿರದ ವಿಮರ್ಶಕ ಕಟಗೇರಿಯವರನ್ನು ಎಲ್ಲರಿಗಿಂತ ಮೊದಲು ಮಾತಿಗೆ ಕರೆದರು. ಅವರು ಗಂಟಲು ಸರಿಮಾಡಿಕೊಂಡು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು:

"ಕಡೀಕ ಆ ಡೈನೋಸಾರ್ ಅಳ್ತದಲ್ಲ, ಅದು ನನಗ ಸೇರಲಿಲ್ಲ."

ನಿವೃತ್ತ ಮುಖ್ಯೋಪಾಧ್ಯಾಯಿನಿ ಸುಮಿತ್ರಾಬಾಯಿ ತಟ್ಟನೆ ಎದ್ದರು. "ಏನ್ ಮಾತಾಡ್ತೀರಿ ಸರ? ಆ ಅಳು ಓದಿ ನಾನೂ ಅತ್ತೀನಿ. ಕಾದಂಬರಿ ಜೀವಾನ ಅದು."

ಕಟಗೇರಿಯವರಿಗೆ ಹೋದ ಜೀವ ಬಂದಂತಾಯಿತು. ತಾವು ಊಹಿಸಿ ಹೇಳಿದ್ದು ಪುಸ್ತಕದಲ್ಲಿ ನಿಜಕ್ಕೂ ಇದೆ!

"ಅಳ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಎರಡೆರಡು ಪುಟ ಅಳಬೇಕೇನ್ರೀ?" ಎಂದರು ಬ್ಯಾಂಕಿನ ಪಾಟೀಲರು.

ಸಭೆ ಎರಡು ಹೋಳಾಯಿತು. ಧೈರ್ಯ ಬಂದ ಕಟಗೇರಿಯವರು ಅಳುವಿನ ಮೇಲೆಯೇ ಅರ್ಧ ಗಂಟೆ ಕೊರೆದರು. ಯಾವಾಗಲೋ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಲೇಖಕಿ ಕೊನೆಗೆ ಎದ್ದು ನಿಂತು ಕೈಮುಗಿದರು.

"ತಡಾ ಆತು, ಕ್ಷಮಿಸ್ರಿ. ಪ್ರೆಸ್ಸಿನಿಂದನ ಬಂದೆ. ಮಷೀನ್ ಕೆಟ್ಟೈತಂತ, ಪುಸ್ತಕ ಇನ್ನೂ ಅಚ್ಚಿಗೇ ಹೋಗಿಲ್ಲ. ಆದ್ರ ಆ ಅಳೂದು ಛಲೋ ಐತ್ರಿ, ಸೇರಸ್ತೀನಿ."