ಕಣ್ಣು ಬಿಟ್ಟ ಫೋಟೋ

ಹಿಂದೂಪುರದಲ್ಲಿ ನಾನೇ ದುಡಿದು ಕಟ್ಟಿದ ಮನೆಯ ಗೋಡೆಗೆ ಇವತ್ತು ಮೊಳೆ ಹೊಡೆದು ಅಜ್ಜಿಯ ಫೋಟೋ ಹಾಕಿದೆ.

ತಾತನ ಒಂದೇ ಒಂದು ಫೋಟೋ ತೆಗೆದದ್ದು ತೀರಿಹೋದ ಮೇಲೆ, ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ. ಆ ಮುಚ್ಚಿದ ಕಣ್ಣು ನೋಡಿ ನೋಡಿ ಅಜ್ಜಿಗೆ ಸಾಕಾಗಿತ್ತು. ನಾನು ಸ್ಕೂಲು ಬಿಟ್ಟ ವರ್ಷ ಒಂದು ಮಧ್ಯಾಹ್ನ, “ನಂದು ಕಣ್ಣು ಬಿಟ್ಟಿರೋ ಫೋಟೋನೇ ಆಗ್ಬೇಕು ಕಣ್ಲಾ” ಎಂದು ನನ್ನನ್ನೂ ಎಳೆದುಕೊಂಡು ನಮ್ಮೂರು ಕುಂದುರ್ಪಿಯಿಂದ ಕಲ್ಯಾಣದುರ್ಗದ ಸ್ಟುಡಿಯೋಗೆ ಹೋದಳು.

“ಅವ್ವಾ, ರೀಲಿನಾಗೆ ಇದೊಂದೇ ಉಳ್ದಿರೋದು. ರೆಪ್ಪೆ ಹೊಡೀಬೇಡ” ಎಂದ ಸ್ಟುಡಿಯೋದವನು.

ಫಳ್ ಎಂದು ಬೆಳಕು ಹೊಡೆಯಿತು. ಕಣ್ಣಲ್ಲಿ ನೀರು ಇಳಿದರೂ ಅಜ್ಜಿ ರೆಪ್ಪೆ ಹೊಡೆಯಲಿಲ್ಲ.

“ಆಯ್ತು, ಎದ್ದೇಳವ್ವಾ.”

“ಫೋಟೋ ಎಲ್ಲಪ್ಪಾ?”

“ರೀಲು ತೊಳೀಬೇಕು. ಶುಕ್ರವಾರ ಬಾ.”

“ಅಯ್ಯೋ, ಅಲ್ಲೀತನ್ಕ ಹಿಂಗೇ ಕಣ್ಣು ಬಿಟ್ಕಂಡಿರ್ಬೇಕಾ?” ಎಂದಳು ಅಜ್ಜಿ. ಅವನು ನಗುತ್ತಿದ್ದಂತೆಯೇ, ರೆಪ್ಪೆ ಅಲುಗಿಸದೆ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

“ಸರೇ, ಇರ್ತೀನಿ ಬಿಡು.”