ಸುಮ್ಮನಿದ್ದ ಲೈನು

ಲೈನು ಮತ್ತೆ ಕಡಿದುಹೋಯಿತು. ಗಾಜಿನ ಗೋಡೆಯ ಆಚೆ ಟೈಪಿಸ್ಟಿನ ಫೋನು ಒದರತೊಡಗಿತು. "ಆಫೀಸಿನ ರೂಲು ರೀ, ನಾನೇನ್ ಮಾಡ್ಲಿ?" ಎಂದು ಅವಳು ತಗ್ಗಿದ ದನಿಯಲ್ಲಿ ಗಂಡನಿಗೆ ಹೇಳುವುದು ನೆಟ್‌ವರ್ಕ್ ಮೇಡಮ್ಮಿಗೆ ಕೇಳಿಸಿತು.

ರೂಲು ಮಾಡಿದ್ದು ಮೇಡಮ್ಮೇ. ಏನನ್ನೂ ಸಾಗಿಸದೆ ಬರಿದೆ ತೆರೆದುಕೊಂಡಿದ್ದ ಸಂಪರ್ಕಗಳಿಂದ ಆಫೀಸಿನ ಇಂಟರ್ನೆಟ್ ಉಸಿರುಗಟ್ಟಿತ್ತು. ಕೆಲವು ನಿಮಿಷ ಏನೂ ಹರಿಯದ ಲೈನನ್ನು ಫೈರ್‌ವಾಲ್ ತಾನೇ ಕತ್ತರಿಸುವಂತೆ ಅವರು ಹೊಂದಿಸಿದ್ದರು. ಎಲ್ಲರಿಗೂ ಅನುಕೂಲವಾಯಿತು, ಟೈಪಿಸ್ಟ್ ಒಬ್ಬಳನ್ನು ಬಿಟ್ಟು.

ಅವಳ ಮೇಜಿನ ಮೇಲೆ ಹಳೆಯ ಮೊಬೈಲೊಂದು ಸ್ಟ್ಯಾಂಡಿಗೆ ಒರಗಿ ದಿನವಿಡೀ ನಿಂತಿರುತ್ತಿತ್ತು. ಆಫೀಸಿಗೂ ಅವಳ ಮನೆಗೂ ನಡುವೆ ಒಂದು ಕ್ಯಾಮರಾ ಆ್ಯಪ್. ಕ್ಯಾಮರಾದ ಎದುರು ಏನಾದರೂ ಅಲುಗಾಡಿದರೆ ಮಾತ್ರ ಚಿತ್ರ ಹೋಗುತ್ತದೆ. ಇಲ್ಲದಿದ್ದರೆ ಲೈನು ಸುಮ್ಮನಿರುತ್ತದೆ. ಅತ್ತೆ ಹಾಸಿಗೆ ಹಿಡಿದಿರುವುದು ಎಲ್ಲರಿಗೂ ಗೊತ್ತಿತ್ತು. ಮಲಗಿದ ಜೀವ ಎಷ್ಟೆಂದು ಅಲುಗಾಡೀತು? ಲೈನು ಕಡಿದರೆ ಅವಳೇ ಮತ್ತೆ ಜೋಡಿಸಬೇಕು. ಅದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯುತ್ತಿತ್ತು.

ಟೈಪಿಂಗ್ ಇಲ್ಲದಾಗ ಕೈಗಳನ್ನು ಮಡಿಲಲ್ಲಿಟ್ಟು ಕಲ್ಲಿನಂತೆ ಕೂರುತ್ತಿದ್ದಳು. "ಏನಮ್ಮಾ, ಫೋಟೋಗೆ ಕೂತಿದ್ದೀಯಾ? ಉಸಿರಾದ್ರೂ ಆಡು," ಎಂದು ಅಕೌಂಟೆಂಟ್ ಅಣಕಿಸಿದ. ಅವಳು ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಏನಾಗುತ್ತಿದೆಯೋ ಎಂಬ ಆತಂಕ ಮೇಡಮ್ಮಿಗೆ ಅರ್ಥವಾಗುತ್ತಿತ್ತು. ಅವರ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಾಗ ಅವರು ಇದೇ ಕುರ್ಚಿಯಲ್ಲಿ ಕೂತು ಯಾರದೋ ಪಾಸ್‌ವರ್ಡ್ ಸರಿಮಾಡುತ್ತಿದ್ದರು. ಸಂಜೆ ಬಾಗಿಲು ತೆರೆದಾಗಲೇ ವಿಷಯ ಗೊತ್ತಾದದ್ದು.

ಫೋನಿಟ್ಟ ಟೈಪಿಸ್ಟ್ ಒಳಬಂದಳು.

"ಮೇಡಂ, ಈ ರೂಲು ಇನ್ನು ಹೀಗೇ ಇರುತ್ತಾ?"

"ಯಾಕಮ್ಮ, ಮನೇಲಿ ಬೈತಾರಾ?"

ಅವಳು ಹೌದೆಂದು ತಲೆಯಾಡಿಸಿದಳು. ಗಂಡ ಫೋನ್ ಮಾಡಿ ವಿಚಾರಿಸಿದರೆ, ಇದರಲ್ಲಿ ತನ್ನ ಕೈವಾಡವೇನೂ ಇಲ್ಲವೆಂದು ಮೇಡಂ ಒಂದು ಮಾತು ಹೇಳಬೇಕು, ಅಷ್ಟು ಸಾಕು ಎಂದಳು.

ಅಷ್ಟು ಸಾಕೆಂದರೆ ಹೇಗೆ? ಅವಳು ಅತ್ತ ಹೋದದ್ದೇ, ಮೇಡಂ ಆ ಒಂದು ಲೈನನ್ನು ಹುಡುಕಿ, ಎಷ್ಟು ಹೊತ್ತು ಸುಮ್ಮನಿದ್ದರೂ ಕಡಿಯದಂತೆ ವಿನಾಯಿತಿ ಕೊಟ್ಟರು. ವರ್ಷಗಳಿಂದ ಎದೆಯಲ್ಲಿದ್ದ ಭಾರ ಒಂದಿಷ್ಟು ಇಳಿದಂತಾಯಿತು. ಸುದ್ದಿ ಹೇಳಲು ತಾವೇ ಅವಳ ಮೇಜಿನ ಬಳಿಗೆ ಹೋದರು.

"ಇನ್ನು ನಿಶ್ಚಿಂತೆಯಾಗಿರು. ಯಾರು ಏನೇ ಮಾಡ್ಲಿ, ಮಾಡ್ದೇ ಇರ್ಲಿ, ನಿನ್ನ ಲೈನು ಕಡಿಯಲ್ಲ. ನಿಮ್ಮತ್ತೇನ ದಿನವೆಲ್ಲಾ ನೋಡ್ಕೊಂಡಿರಬಹುದು."

ಟೈಪಿಸ್ಟಿನ ಮುಖ ಬಿಳಿಚಿತು. ಕಣ್ಣನ್ನು ಮೊಬೈಲಿನಿಂದ ಕೀಳದೆ, ತುಟಿಯನ್ನೂ ಅಲುಗಿಸದೆ ಹೇಳಿದಳು:

"ಇದರಲ್ಲಿ ಅತ್ತೆ ಕಾಣಲ್ಲ ಮೇಡಂ. ಮನೇಲಿ ಕೂತು ನಮ್ಮ ಯಜಮಾನ್ರು ನನ್ನನ್ನ ನೋಡ್ತಿರ್ತಾರೆ. ಅಲುಗಾಡದೆ ಕೂತು ಕೂತು ನಾನೇ ಕಡಿಸ್ತಿದ್ದೆ."